ಹೊಟ್ಟೆಬಾಕನ ಲೆಕ್ಕ

ಜನವರಿ ೯

ಅಕ್ಕಾ,

ಈ ಪತ್ರವನ್ನು ಕೂತುಕೊಂಡು ಓದು. ಕೈಯಲ್ಲಿ ಬಿಸಿ ಲೋಟವಿದ್ದರೆ ಮೊದಲು ಕೆಳಗಿಡು. ಇದನ್ನು ಫೋನಿನಲ್ಲಿ ಹೇಳಿದ್ದರೆ ಎರಡನೇ ಮಾತಿಗೇ ನಾವಿಬ್ಬರೂ ಜಗಳಕ್ಕೆ ನಿಂತಿರುತ್ತಿದ್ದೆವು. ಅಮ್ಮ ಹೋದಮೇಲೆ ಮುಖ್ಯವಾದದ್ದು ಏನೇ ಇದ್ದರೂ ಕಾಗದದಲ್ಲೇ ಎಂದು ಒಪ್ಪಂದ ಮಾಡಿಕೊಂಡದ್ದು ಇದಕ್ಕೇ ತಾನೆ? ಕಾಗದದಲ್ಲಾದರೆ ನನ್ನ ಮಾತು ಮುಗಿಯುವ ತನಕ ನೀನು ಬಾಯಿ ಹಾಕುವಂತಿಲ್ಲ.

ವಿಷಯ ಇಷ್ಟೆ. ನಿಮ್ಮ ಹೊಟ್ಟೆಬಾಕನನ್ನು ನಾನು ನುಂಗಲಿದ್ದೇನೆ.

ನೀನು ಮೂರು ವರ್ಷದಿಂದ ಕಂಪ್ಯೂಟರಿನಲ್ಲಿ ಸಾಕುತ್ತಿರುವ ಆ ಸೂಕ್ಷ್ಮಜೀವಿ ಕೊನೆಗೂ ಪುಡಿಯಾಗಿ ಬಾಟಲಿಗೆ ಇಳಿದಿದೆಯಲ್ಲ, ಅದರ ಪರೀಕ್ಷೆ ಇಲ್ಲಿನ ಆಸ್ಪತ್ರೆಯಲ್ಲೇ ಶುರುವಾಗಿದೆ. ನಾನು ಹೆಸರು ಕೊಟ್ಟೆ, ಆರಿಸಿಕೊಂಡರು. ಬಾಟಲಿಯ ಮೇಲೆ ಹೆಸರಿಲ್ಲ, ಬರೀ ನಂಬರು. ನನ್ನದು ಹನ್ನೊಂದು. ಕೆಲವರಿಗೆ ನಿಜವಾದ ಪುಡಿ, ಕೆಲವರಿಗೆ ಬರೀ ಹಿಟ್ಟು. ಯಾರಿಗೆ ಯಾವುದೆಂದು ಕೊಡುವ ನರ್ಸಿಗೂ ಗೊತ್ತಿಲ್ಲವಂತೆ. "ಇದನ್ನ ಮಾಡೋ ಕಂಪನೀಲಿ ನಿಮ್ಮವರು ಯಾರಾದ್ರೂ ಇದಾರಾ?" ಎಂದು ಡಾಕ್ಟರು ಕೇಳಿದರು. ಇಲ್ಲ ಎಂದೆ. ಹೌದು ಎಂದಿದ್ದರೆ ಅಲ್ಲೇ ಬಾಗಿಲು ತೋರಿಸುತ್ತಿದ್ದರು.

ಬೈಯುವ ಮೊದಲು ಒಂದು ಕ್ಷಣ ಯೋಚಿಸು. ಹುಟ್ಟಿದಾಗಿನಿಂದ ಪ್ರೋಟೀನಿನ ಒಂದು ತುಣುಕನ್ನು ಅರಗಿಸಲಾರದ ಮೈ ನನ್ನದು. ಮೊಟ್ಟೆ, ಹಾಲು, ಬೇಳೆ, ಮಾಂಸ ಎಲ್ಲವೂ ನನಗೆ ವಿಷ. ಆ ತುಣುಕು ರಕ್ತದಲ್ಲಿ ಏರಿದರೆ ತಲೆಗೆ ಮಂಜು ಕವಿಯುತ್ತದೆ, ಕೈ ನಡುಗುತ್ತದೆ, ಸುಮ್ಮಸುಮ್ಮನೆ ಸಿಟ್ಟು ಬರುತ್ತದೆ. (ನೀನು ಏನು ಹೇಳುತ್ತೀಯೆಂದು ಗೊತ್ತು. ಆ ಸಿಟ್ಟು ಬೇರೆ, ಈ ಸಿಟ್ಟು ಬೇರೆ.) ಮೂವತ್ತೊಂದು ವರ್ಷ ತಕ್ಕಡಿಯಲ್ಲಿ ತೂಗಿದ ಅನ್ನ, ತೂಗಿದ ಆಲೂಗಡ್ಡೆ, ಜೊತೆಗೆ ಆ ತುಣುಕು ತೆಗೆದ ಪ್ರೋಟೀನು ಕದಡಿದ, ಒದ್ದೆ ಸಾಕ್ಸಿನ ವಾಸನೆಯ ಔಷಧಿ ಪಾನಕ. ನಾನು ಕಲಿಸುವ ಡ್ರೈವಿಂಗ್ ಸ್ಕೂಲಿನಲ್ಲಿ ಎಲ್ಲರೂ ಡಬ್ಬಿ ಬಿಚ್ಚಿದಾಗ ನಾನು ಕಾರು ಒರೆಸುವ ನೆಪದಲ್ಲಿ ಆಚೆ ಹೋಗುತ್ತೇನೆ. ನನಗೂ ಒಂದು ಸಲ ಎಲ್ಲರ ಜೊತೆ ಕೂತು ಉಣ್ಣಬೇಕು ಅನ್ನಿಸುತ್ತದೆ. ದುರಾಸೆಯೇನಲ್ಲವಲ್ಲ?

ನಿನ್ನ ಕೈಯಿಂದ ಆದದ್ದು ನನಗಲ್ಲದೆ ಇನ್ಯಾರಿಗೆ?

ನಿನ್ನ
ಹನ್ನೊಂದು

---

ಜನವರಿ ೧೬

ಪುಟ್ಟೀ,

ಲೋಟ ಕೆಳಗಿಟ್ಟೇ ಓದಿದೆ.

ನಿನ್ನ ನಂಬರು ನನಗೆ ಏಕೆ ಹೇಳಿದೆ? ಎಲ್ಲ ಬಿಟ್ಟು ಅದೊಂದನ್ನೇ ಹೇಳಬಾರದಿತ್ತು. ಪರೀಕ್ಷೆಯಲ್ಲಿರುವವರ ರಕ್ತ, ಮೂತ್ರದ ಅಂಕಿಗಳೆಲ್ಲ ವಾರಕ್ಕೊಮ್ಮೆ ನನ್ನ ಮೇಜಿಗೇ ಬರುತ್ತವೆ, ಬರೀ ನಂಬರಿನ ಮೇಲೆ. ಅದು ಯಾರದೆಂದು ತಿಳಿಯದೆ ಇರುವುದೇ ನನ್ನ ಕೆಲಸದ ಅರ್ಧ ಭಾಗ. ಇನ್ನು ಹನ್ನೊಂದನೆಯ ಸಾಲು ನೋಡುವಾಗ ನಿನ್ನ ಮುಖ ಕಾಣುತ್ತದೆ.

ನಾನು ಮಾಡುವುದು ಏನೆಂದು ನೀನು ಎಂದೂ ಪೂರ್ತಿ ಕೇಳಿಸಿಕೊಂಡಿಲ್ಲ, ಆಕಳಿಸುತ್ತಿದ್ದೆ. ಈಗ ಕೇಳು. ಹೊಟ್ಟೆಬಾಕನ ಒಳಗೆ ಸಾವಿರಾರು ರಾಸಾಯನಿಕ ಕ್ರಿಯೆಗಳು ಒಂದಕ್ಕೊಂದು ಕೂಡಿಕೊಂಡಿವೆ. ಅವನ್ನೆಲ್ಲ ನಿನ್ನ ಊರಿನ ರಸ್ತೆಗಳ ಹಾಗೆ ನಕ್ಷೆ ಮಾಡಿ ಕಂಪ್ಯೂಟರಿಗೆ ಕೊಡುತ್ತೇವೆ. ಯಾವ ರಸ್ತೆ ಒಮ್ಮುಖ, ಯಾವುದರಲ್ಲಿ ಎಷ್ಟು ಗಾಡಿ ಹಿಡಿಸುತ್ತದೆ, ಎಲ್ಲ. ಅದಕ್ಕಿರುವ ಕಟ್ಟಳೆ ಒಂದೇ: ಒಳಗೆ ಬಂದದ್ದಷ್ಟೂ ಎಲ್ಲೋ ಒಂದು ಕಡೆ ಹೊರಗೆ ಹೋಗಿರಬೇಕು. ನಡುವೆ ಏನೂ ಗುಡ್ಡೆ ಬೀಳಬಾರದು, ಏನೂ ಮಾಯವಾಗಬಾರದು. ಲೆಕ್ಕ ಕೂಡಿದರೆ ಯಾವ ದಾರಿಯಲ್ಲಿ ಎಷ್ಟು ಹರಿಯಿತು ಎಂದು ಹೇಳುತ್ತದೆ. ಕೂಡದಿದ್ದರೆ ಪರದೆಯ ಮೇಲೆ 'ಉತ್ತರವಿಲ್ಲ' ಎಂದು ಬರೆದು ಕೈಕಟ್ಟಿ ಕೂರುತ್ತದೆ.

ನಿನ್ನ ಊಟದಲ್ಲಿ ಬರುವ ಆ ತುಣುಕನ್ನು ಅದು ರಕ್ತಕ್ಕೆ ಸೇರುವ ಮೊದಲೇ ಕರುಳಿನಲ್ಲಿ ಹಿಡಿದು ತಿನ್ನುವುದು ಹೊಟ್ಟೆಬಾಕನ ಕೆಲಸ. ತಿಂದಮೇಲೆ ಅವನೊಂದು ಎಂಜಲು ಬಿಡುತ್ತಾನೆ, ಅದು ಮೂತ್ರದಲ್ಲಿ ಸಿಗುತ್ತದೆ. ಎಂಜಲು ಹೆಚ್ಚಿದ್ದರೆ ಅವನು ಚೆನ್ನಾಗಿ ಉಂಡಿದ್ದಾನೆ ಎಂದರ್ಥ. ದಿನಕ್ಕೆ ಎರಡು ಮೊಟ್ಟೆಯಷ್ಟನ್ನು ಅವನು ನಿಭಾಯಿಸುತ್ತಾನೆ ಎಂದು ಹೇಳಿದ್ದು ನನ್ನ ನಕ್ಷೆ. ಅದನ್ನೇ ನಂಬಿಕೊಂಡು ಡಾಕ್ಟರುಗಳು ನಿನ್ನ ತಟ್ಟೆಗೆ ಮೊಟ್ಟೆ ಹಾಕಲಿದ್ದಾರೆ. ನಕ್ಷೆ ತಪ್ಪಿದ್ದರೆ? ಬೇರೆಯವರ ವಿಷಯದಲ್ಲಿ ಈ ಪ್ರಶ್ನೆ ನನಗೆ ನಿದ್ದೆ ಕೆಡಿಸಿರಲಿಲ್ಲ ಎಂದು ಹೇಳಲು ನಾಚಿಕೆಯಾಗುತ್ತದೆ.

ದಯವಿಟ್ಟು ಬಿಟ್ಟು ಬಾ. ಇಲ್ಲದಿದ್ದರೆ ನಾನೇ ಮೇಷ್ಟ್ರಿಗೆ (ನಮ್ಮ ವಿಭಾಗದ ಮುಖ್ಯಸ್ಥರು, ಪಾಠ ಹೇಳದಿದ್ದರೂ ಎಲ್ಲರೂ ಹಾಗೇ ಕರೆಯುತ್ತೇವೆ) ಹೇಳಬೇಕಾಗುತ್ತದೆ.

ಅಕ್ಕ

---

ಜನವರಿ ೨೪

ಅಕ್ಕಾ,

ಹೇಳಬೇಡ. ಕಾಲು ಹಿಡಿಯುತ್ತೇನೆ ಎಂದೇ ಇಟ್ಟುಕೋ. ನೀನು ಹೇಳಿದ ಮರುದಿನ ನನ್ನನ್ನು ಹೊರಗೆ ಹಾಕುತ್ತಾರೆ, ನಾನು ಮತ್ತೆ ಸಾಕ್ಸಿನ ಪಾನಕಕ್ಕೆ. ಇನ್ನು ನಾಲ್ಕು ತಿಂಗಳು ನೀನು ಬಾಯಿಗೆ ಬೀಗ ಹಾಕಿಕೊಂಡರೆ ಯಾರ ಗಂಟು ಹೋಗುತ್ತದೆ?

ಅಲ್ಲದೆ ಶುರುವಾಗಿಹೋಯಿತು. ಮೊದಲ ದಿನ ನರ್ಸಿನ ಎದುರಿಗೇ ಪುಡಿ ಕುಡಿದು ಮೊಟ್ಟೆ ತಿಂದೆ. ಬೇಯಿಸಿದ ಮೊಟ್ಟೆ, ಬಿಳಿ ತಟ್ಟೆ, ಪಕ್ಕದಲ್ಲಿ ಉಪ್ಪು. ನರ್ಸು ಗಟ್ಟಿ ಹೆಂಗಸು, ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿದ್ದರು. ಬಾಯಿಗಿಟ್ಟಾಗ ಅಮ್ಮ ಹಿಂದಿನಿಂದ ಬಂದು ಕೈ ಹಿಡಿಯುತ್ತಾಳೆ ಅನ್ನಿಸಿತು. ನಗಬೇಡ. ಬೆನ್ನು ನಿಜಕ್ಕೂ ತಣ್ಣಗಾಯಿತು.

ಇನ್ನು ಮೇಲೆ ಪುಡಿ, ಊಟ ಎರಡೂ ಮನೆಯಲ್ಲೇ. ಬೆಳಿಗ್ಗೆ ಒಂದು ಮೊಟ್ಟೆ, ಮಧ್ಯಾಹ್ನ ಒಂದು ಮೊಟ್ಟೆ, ಸ್ವಲ್ಪ ಬೇಳೆ. ಅದಕ್ಕೆ ಬದಲಾಗಿ ಪಾನಕ ಅರ್ಧಕ್ಕಿಂತ ಕಡಿಮೆ ಮಾಡಿದ್ದಾರೆ. ಸಂಜೆ ನರ್ಸು ಫೋನ್ ಮಾಡಿ ತಿಂದ್ರಾ ಎಂದು ಕೇಳುತ್ತಾರೆ, ತಿಂದೆ ಎನ್ನುತ್ತೇನೆ, ಮುಗಿಯಿತು.

ಇಲ್ಲಿ ಎಲ್ಲ ಚೆನ್ನಾಗಿದೆ. ಹೊಸದಾಗಿ ಒಬ್ಬ ದರ್ಜಿ ಕಲಿಯಲು ಬರುತ್ತಿದ್ದಾರೆ. ಸ್ಟೀರಿಂಗನ್ನು ಹೊಲಿಗೆ ಯಂತ್ರದ ಚಕ್ರದ ಹಾಗೆ ಒಂದೇ ಕೈಯಲ್ಲಿ ತಿರುಗಿಸುತ್ತಾರೆ. ಅಭ್ಯಾಸದ ಮೈದಾನದಲ್ಲಿ ಬಿದ್ದುಕೊಂಡಿರುವ ಕುಂಟು ನಾಯಿ ಈಚೆಗೆ ಮೈ ತುಂಬಿಕೊಂಡಿದೆ, ನಾನು ಕಾರಿಳಿದರೆ ಸಾಕು, ಬಾಲ ಮುರಿಯುವ ಹಾಗೆ ಅಲ್ಲಾಡಿಸುತ್ತದೆ.

ನಿನ್ನ ನಕ್ಷೆ ತಪ್ಪಿರುವುದಿಲ್ಲ. ಚಿಕ್ಕಂದಿನಲ್ಲಿ ನನ್ನ ತಟ್ಟೆ ತೂಗುತ್ತಿದ್ದವಳು ನೀನೇ. ಒಂದು ಕಾಳು ಹೆಚ್ಚು ಬಿದ್ದಿರಲಿಲ್ಲ, ಕಟುಕಿ.

ತಂಗಿ

---

ಫೆಬ್ರವರಿ ೧೨

ಪುಟ್ಟೀ,

ಹೇಳಲಿಲ್ಲ. ದಿನವೂ ಮೇಷ್ಟ್ರ ಕೋಣೆಯ ಬಾಗಿಲ ತನಕ ಹೋಗುತ್ತೇನೆ, ಬೇರೇನೋ ಕೇಳಿ ವಾಪಸು ಬರುತ್ತೇನೆ. ಅವರು ನಾನು ಸಂಬಳ ಹೆಚ್ಚಿಸಿ ಎನ್ನಲು ಹಿಂಜರಿಯುತ್ತಿದ್ದೇನೆ ಅಂದುಕೊಂಡಿರಬೇಕು.

ನಿದ್ದೆ ಹೇಗೆ ಬರುತ್ತಿದೆ? ಕೈ ನಡುಗುತ್ತಿದೆಯೆ? ಓದುವಾಗ ಒಂದೇ ಸಾಲಿಗೆ ಮತ್ತೆ ಮತ್ತೆ ಬರುತ್ತೀಯಾ?

ಕೇಳಬಾರದ್ದನ್ನು ಕೇಳುತ್ತಿದ್ದೇನೆ, ಅದು ಗೊತ್ತು. ಒಬ್ಬರ ಅಂಕಿಗಳು ನಕ್ಷೆಯ ಜೊತೆ ಹೊಂದುತ್ತಿಲ್ಲ. ಯಾರದೆಂದು ಬರೆಯುವುದಿಲ್ಲ. ರಕ್ತದಲ್ಲಿ ಆ ತುಣುಕು ವಾರದಿಂದ ವಾರಕ್ಕೆ ಏರುತ್ತಿದೆ. ಮಿಕ್ಕವರದೆಲ್ಲ ಹೇಳಿದ ಹಾಗೆ ಕೂತಿದೆ, ಇದೊಂದೇ ಹಟ ಮಾಡುತ್ತಿದೆ. ನಿಜವಾದ ಪುಡಿ ಎಂದು ಕೊಟ್ಟರೂ ಬರೀ ಹಿಟ್ಟು ಎಂದು ಕೊಟ್ಟರೂ ಕಂಪ್ಯೂಟರು ಹೇಳುವುದು 'ಉತ್ತರವಿಲ್ಲ'.

ನಿನ್ನೆ ಸಭೆಯಲ್ಲಿ ಮೇಷ್ಟ್ರು ಆ ಸಾಲಿನ ಮೇಲೆ ಬೆರಳಿಟ್ಟು, "ಇವರು ಕದ್ದು ತಿಂತಿದಾರೆ ಅಷ್ಟೆ. ಜೀವಮಾನವೆಲ್ಲ ಕಟ್ಟುಹಾಕಿದ ನಾಲಿಗೆ, ಬಿಟ್ಟಾಗ ಸುಮ್ಮನಿರುತ್ತಾ?" ಎಂದರು. ಎಲ್ಲರೂ ತಲೆಯಾಡಿಸಿದರು. ನಮ್ಮ ಲ್ಯಾಬಿನಲ್ಲಿ ಒಂದು ಪದ್ಧತಿಯಿದೆ. ಲೆಕ್ಕ ಕೂಡದಿದ್ದಾಗ ನಕ್ಷೆಯಲ್ಲಿ ಒಂದು ಕಳ್ಳಬಾಗಿಲು ತೆರೆಯುತ್ತೇವೆ. ಎಲ್ಲಿಂದಲೋ ಇಷ್ಟು ಬಂತು, ಎಲ್ಲಿಗೋ ಇಷ್ಟು ಹೋಯಿತು ಎಂದು ತಾತ್ಕಾಲಿಕವಾಗಿ ಬರೆದು ಮುಂದೆ ಹೋಗುವುದು. ಅದನ್ನು ಆಮೇಲೆ ಮುಚ್ಚಬೇಕು, ಬಹಳ ಸಲ ಯಾರೂ ಮುಚ್ಚುವುದಿಲ್ಲ. ಆ ಒಬ್ಬರಿಗೆ ಅಂಥದೊಂದು ಬಾಗಿಲು ಹಾಕಿ, 'ಹೆಚ್ಚಿನ ಊಟ' ಎಂದು ಹೆಸರಿಟ್ಟು, ಮಾರ್ಚ್ ಕೊನೆಯೊಳಗೆ ಅವರನ್ನು ಪಟ್ಟಿಯಿಂದ ತೆಗೆಯಬೇಕೆಂದು ನನಗೇ ಹೇಳಿದ್ದಾರೆ.

ನಿಜ ಹೇಳು, ನಾನು ಕೋಪಿಸಿಕೊಳ್ಳುವುದಿಲ್ಲ. ಕೊಟ್ಟದ್ದರ ಮೇಲೆ ಬೇರೇನಾದರೂ ತಿನ್ನುತ್ತಿದ್ದೀಯಾ?

ಅಕ್ಕ

---

ಫೆಬ್ರವರಿ ೨೦

ಅಕ್ಕಾ,

ಈ ಪ್ರಶ್ನೆ ಯಾವಾಗ ಬರುತ್ತದೆ ಎಂದು ಕಾಯುತ್ತಿದ್ದೆ. ತಡವಾಗಿಯೇ ಬಂತು.

ನನಗೆ ಹನ್ನೆರಡು ವರ್ಷವಾಗಿದ್ದಾಗ ಶಾಲೆಯಿಂದ ಸಮುದ್ರ ನೋಡಲು ಕರೆದುಕೊಂಡು ಹೋಗುವವರಿದ್ದರಲ್ಲ, ನೆನಪಿದೆಯಾ? ರಕ್ತದ ಅಂಕಿ ಸರಿಯಿದ್ದರೆ ಮಾತ್ರ ಕಳಿಸುತ್ತೇನೆ ಎಂದಿದ್ದಳು ಅಮ್ಮ. ಅಂಕಿ ಬೆಟ್ಟದಷ್ಟು ಏರಿತ್ತು. ಅಮ್ಮ ನನ್ನ ಕೈ ಮೂಸಿದಳು, ಬಾಯಿ ಮೂಸಿದಳು, ಚೀಲ ಕೊಡವಿದಳು. ನೀನು ಬಾಗಿಲಲ್ಲಿ ನಿಂತಿದ್ದೆ. ಏನೂ ಸಿಗದಿದ್ದರೂ ಇಬ್ಬರೂ ನಂಬಲಿಲ್ಲ. ಬಸ್ಸು ಹೋಯಿತು, ನಾನು ಕಿಟಕಿಯಲ್ಲಿ ನೋಡಿದೆ.

ಈಗ ಅಮ್ಮನ ಮೂಗಿನ ಬದಲು ನಿನ್ನ ಕಂಪ್ಯೂಟರು. ಬೇಕಾದರೆ ಬಂದು ನನ್ನ ಕೈ ಮೂಸಿ ನೋಡು. ಸೊಂಟದ ಪಟ್ಟಿಗೆ ಈ ತಿಂಗಳು ಎರಡು ಹೊಸ ತೂತು ಹೊಡೆಸಿದ್ದೇನೆ. ಕದ್ದು ತಿನ್ನುವವರ ಸೊಂಟ ಹೀಗಿರುತ್ತದಾ? ನಾನು ಏನೂ ಹೆಚ್ಚು ತಿಂದಿಲ್ಲ. ಒಂದು ತುತ್ತೂ ಇಲ್ಲ.

ಸ್ವಲ್ಪ ದಿನ ಬರೆಯಬೇಡ. ಫೋನಂತೂ ಬೇಡವೇ ಬೇಡ.

ತಂಗಿ

---

ಮಾರ್ಚ್ ೬

ಅಕ್ಕಾ,

ಬರೆಯಬೇಡ ಎಂದವಳು ನಾನು, ಬರೆಯುತ್ತಿರುವವಳೂ ನಾನೇ.

ಇವತ್ತು ದರ್ಜಿ ಕಾರನ್ನು ಹಿಂದಕ್ಕೆ ತೆಗೆಯುತ್ತಿದ್ದರು. ಅಂಗಡಿ ಸಾಲಿನ ಹಿಂದಿನ ಗಲ್ಲಿ, ನೂರು ಸಲ ಹೋದ ಜಾಗ. ಹಿಂದೆ ಒಬ್ಬ ತಾಯಿ ಮಗುವಿನ ತಳ್ಳುಗಾಡಿ ನಿಲ್ಲಿಸಿಕೊಂಡು ಅಂಗಡಿಯ ಹಿಂಬಾಗಿಲ ಬೀಗ ತೆಗೆಯುತ್ತಿದ್ದಳು. ಕನ್ನಡಿಯಲ್ಲಿ ನನಗೆ ಸ್ಪಷ್ಟವಾಗಿ ಕಾಣುತ್ತಿತ್ತು. ಹಳದಿ ಬಣ್ಣದ ಗಾಡಿ. ಗಾಡಿ ಹಳದಿ ಇದೆ ಎಂದು ಯೋಚಿಸಿದ್ದು ಕೂಡ ನೆನಪಿದೆ. ಆದರೆ ಕಾಲಿಗೆ ಆ ಸುದ್ದಿ ಮುಟ್ಟಲಿಲ್ಲ. ಕಲಿಸುವವರ ಕಡೆಯ ಬ್ರೇಕ್ ನನ್ನ ಕಾಲ ಕೆಳಗೇ ಇತ್ತು, ಒತ್ತಬೇಕೆಂದು ಗೊತ್ತಿತ್ತು, ಕಾಲು ಯಾರದೋ ಆಗಿತ್ತು.

ಆ ತಾಯಿ ಕಿರುಚಿದಳು. ದರ್ಜಿಯೇ ಗಾಬರಿಯಾಗಿ ಎರಡೂ ಕಾಲನ್ನು ಸಿಕ್ಕಿದ್ದರ ಮೇಲೆ ಊರಿದರು, ಪುಣ್ಯಕ್ಕೆ ಅದು ಬ್ರೇಕಾಗಿತ್ತು. ಕಾರಿನ ಹಿಂಭಾಗಕ್ಕೂ ಗಾಡಿಗೂ ನಡುವೆ ನನ್ನ ಅಂಗೈ ಹೋಗುವಷ್ಟು ಜಾಗ. ಮಗುವಿಗೆ ಎಚ್ಚರವೂ ಆಗಲಿಲ್ಲ.

"ಮೇಡಂ, ನೀವು ಯಾಕೆ ಒತ್ತಲಿಲ್ಲ?" ಎಂದು ಕೇಳಿದರು ದರ್ಜಿ. ಬೈದು ಕೇಳಿದ್ದಲ್ಲ, ನಿಜಕ್ಕೂ ತಿಳಿಯದೆ ಕೇಳಿದ್ದು. ನೀವೇ ಕಲಿಯಲಿ ಅಂತ ಬಿಟ್ಟೆ ಎಂದು ಸುಳ್ಳು ಹೇಳಿದೆ. ಅವರು ನಂಬಿ ಹೆಮ್ಮೆಪಟ್ಟುಕೊಂಡರು.

ಭಯವಾಗುತ್ತಿದೆ ಅಕ್ಕಾ. ಒಂದೇ ಮಾತು ಹೇಳು. ನಿನ್ನ ಹೊಟ್ಟೆಬಾಕ ನನ್ನೊಳಗೆ ಕೆಲಸ ಮಾಡುತ್ತಿದ್ದಾನೋ ಇಲ್ಲವೋ? ನಾಳೆಯೂ ನಾಡಿದ್ದೂ ತರಗತಿಗಳಿವೆ, ಬೇರೆ ಯಾರೂ ಇಲ್ಲ, ಬರುವುದಿಲ್ಲ ಎನ್ನಲಾರೆ.

ತಂಗಿ

---

ಮಾರ್ಚ್ ೯

ಪುಟ್ಟೀ,

ಮೊದಲು ಇದು: ಕಾರಿನಲ್ಲಿ ಕೂರಬೇಡ. ನಿನ್ನ ಪತ್ರ ಈಗ ತಾನೆ ಕೈಸೇರಿತು. ಫೋನ್ ಮಾಡಿ ಮಾಡಿ ಸಾಕಾಯಿತು, ನೀನು ಎತ್ತುತ್ತಿಲ್ಲ. ಆಸ್ಪತ್ರೆಯಿಂದ ಪರೀಕ್ಷೆಯ ಮಾದರಿ ತರುವ ವ್ಯಾನು ಖಾಲಿ ಪೆಟ್ಟಿಗೆಗಳ ಜೊತೆ ನಿಮ್ಮ ಊರಿಗೆ ವಾಪಸು ಹೊರಟಿದೆ. ಅದರ ಚಾಲಕರ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ. ನರ್ಸಿಗೂ ಫೋನಿನಲ್ಲಿ ಹೇಳಿದ್ದೇನೆ, ಅವರು ಪತ್ರ ತೆಗೆದುಕೊಂಡು ನಿನ್ನ ಮನೆಗೆ ಬರುತ್ತಾರೆ. ಬಾಗಿಲು ತೆಗೆ.

ಎರಡನೆಯದು: ಊಟ ಮಾಡು.

ಹೇಗೆ ಗೊತ್ತಾಯಿತೆಂದು ಹೇಳುತ್ತೇನೆ. ಮೇಷ್ಟ್ರು ಹೇಳಿದಂತೆ ಹನ್ನೊಂದನೆಯವರಿಗೆ ಕಳ್ಳಬಾಗಿಲು ತೆರೆದೆ. ಎರಡು ಮೊಟ್ಟೆಯ ಜಾಗದಲ್ಲಿ ಮೂರು ಎಂದು ಬರೆದೆ, ನಾಲ್ಕು ಎಂದು ಬರೆದೆ. ರಕ್ತದ ಅಂಕಿ ಹೊಂದಿತು. ಆದರೆ ಅಷ್ಟು ಊಟ ಬಂದಿದ್ದರೆ ಹೊಟ್ಟೆಬಾಕ ಹಬ್ಬ ಮಾಡಿರಬೇಕು, ಎಂಜಲು ರಾಶಿ ಬಿದ್ದಿರಬೇಕು. ನಿನ್ನದರಲ್ಲಿ ಎಂಜಲು ಮೊದಲ ದಿನ ಚೆನ್ನಾಗಿತ್ತು, ಆಮೇಲೆ ಕುಸಿಯಿತು, ಈಗ ಹೆಸರಿಗಷ್ಟೇ ಇದೆ. ಬರೀ ಹಿಟ್ಟು ಕುಡಿದವರಲ್ಲಿ ಎಂಜಲು ಇರುವುದೇ ಇಲ್ಲ. ಅಂದರೆ ನಿನ್ನದು ನಿಜವಾದ ಪುಡಿ. ಅವನು ನಿನ್ನೊಳಗೆ ಇದ್ದಾನೆ, ಬಾಯಿ ತೆರೆದು ಕಾದು ಕೂತಿದ್ದಾನೆ, ಅವನಿಗೆ ಊಟವೇ ಬರುತ್ತಿಲ್ಲ. ರಕ್ತದಲ್ಲಿ ಮಾತ್ರ ಏರುತ್ತಿದೆ. ಹೆಚ್ಚಿಸಿದಷ್ಟೂ 'ಉತ್ತರವಿಲ್ಲ', 'ಉತ್ತರವಿಲ್ಲ'.

ಕೋಪದಲ್ಲಿ ನಿನ್ನ ಫೆಬ್ರವರಿಯ ಪತ್ರ ಮತ್ತೆ ಓದಿದೆ. ಸೊಂಟದ ಪಟ್ಟಿಗೆ ಎರಡು ತೂತು. ಅದಕ್ಕೂ ಹಿಂದಿನದನ್ನು ತೆಗೆದೆ. ಮೈದಾನದ ನಾಯಿ ಮೈ ತುಂಬಿಕೊಂಡಿದೆ.

ನಿನ್ನ ಊಟದ ಸಾಲಿಗೆ ಸೊನ್ನೆ ಬರೆದೆ. ಈ ಮೂರು ವರ್ಷದಲ್ಲಿ ನಮ್ಮಲ್ಲಿ ಯಾರೂ ಆ ಸಾಲನ್ನು ಕೆಳಗಿಳಿಸಿ ನೋಡಿರಲಿಲ್ಲ. ಹಸಿದವರು ಹೆಚ್ಚು ತಿಂದಾರೆಂದು ಎಲ್ಲರಿಗೂ ಭಯ. ಕೊಟ್ಟಿದ್ದನ್ನು ತಿನ್ನದೆ ಇದ್ದಾರೆಂದು ಯಾರ ತಲೆಗೂ ಹೊಳೆಯಲಿಲ್ಲ. ಊಟವಿಲ್ಲದಾಗ ಮೈ ಏನು ಮಾಡುತ್ತದೆ? ತನ್ನ ಮಾಂಸಖಂಡವನ್ನೇ ಕರಗಿಸಿಕೊಂಡು ಬದುಕುತ್ತದೆ. ಆ ಮಾಂಸದಲ್ಲೂ ಅದೇ ತುಣುಕು ಇದೆ. ಅದು ಕರುಳಿಗೆ ಬರುವುದಿಲ್ಲ, ನೇರ ರಕ್ತಕ್ಕೆ ಇಳಿಯುತ್ತದೆ, ಹೊಟ್ಟೆಬಾಕನ ಕೈಗೆ ಸಿಗುವುದಿಲ್ಲ. ಆ ದಾರಿಯನ್ನೂ ನಕ್ಷೆಗೆ ಸೇರಿಸಿ ಒತ್ತಿದೆ. ಉತ್ತರ ಬಂತು. ಎಲ್ಲ ಅಂಕಿಯೂ ಕೂಡಿತು. ಅದನ್ನು ನೋಡಿ ನಾನು ಮೇಜಿನ ಮೇಲೆ ತಲೆಯಿಟ್ಟು ಅತ್ತೆ. ಪಕ್ಕದ ಹುಡುಗಿ ಕಂಪ್ಯೂಟರು ಕೆಟ್ಟಿತೆಂದು ತಿಳಿದು ಮೆಕ್ಯಾನಿಕ್ಕನ್ನು ಕರೆದಳು.

ನಿನ್ನ ಪಾನಕ ಅರ್ಧಕ್ಕಿಂತ ಕಡಿಮೆಯಾಗಿದೆ, ಅದರ ಬದಲಿಗೆ ಕೊಟ್ಟ ಊಟವನ್ನೂ ಬಿಟ್ಟಿದ್ದೀಯ. ನಿನ್ನನ್ನು ನೀನೇ ತಿನ್ನುತ್ತಿದ್ದೀಯ ಪುಟ್ಟೀ. ತಲೆಗೆ ಕವಿದಿರುವ ಮಂಜು ಅದೇ.

ಮೇಷ್ಟ್ರ ಕೋಣೆಗೆ ಹೋಗಿ ಎಲ್ಲ ಹೇಳಿ ಬಂದೆ. ಹನ್ನೊಂದು ನನ್ನ ತಂಗಿ ಎಂದೂ, ಜನವರಿಯಿಂದ ನನಗೆ ಗೊತ್ತು ಎಂದೂ. ಏನಾಗುತ್ತದೋ ಆಗಲಿ. ಊಟ ಮಾಡು.

ಅಕ್ಕ

---

ಮಾರ್ಚ್ ೧೫, ಆಸ್ಪತ್ರೆಯಿಂದ

ಅಕ್ಕಾ,

ನರ್ಸು ಪತ್ರವನ್ನು ನನ್ನ ಕೈಗೆ ಕೊಟ್ಟು, ನಾನು ಓದಿ ಮುಗಿಸುವ ತನಕ ಬಾಗಿಲಿಗೆ ಅಡ್ಡ ನಿಂತಿದ್ದರು. ಓಡಿಹೋಗುತ್ತೇನೆಂದು ತಿಳಿದಿದ್ದರೋ ಏನೋ. ಓಡುವ ಶಕ್ತಿ ಎಲ್ಲಿತ್ತು?

ಹೌದು. ಮೊಟ್ಟೆ ನಾಯಿಗೆ ಹೋಗುತ್ತಿತ್ತು. ದಿನವೂ ಎರಡು, ಸಿಪ್ಪೆ ಸುಲಿದು. ಬೇಳೆ ಬಚ್ಚಲಿಗೆ. ಪುಡಿಯನ್ನು ಮಾತ್ರ ತಪ್ಪದೆ ಕುಡಿದೆ.

ಮೊದಲು ಹೆದರಿಕೆಯಿಂದ ಶುರುವಾದದ್ದು. ನರ್ಸು ಎದುರಿಗಿದ್ದಾಗ ನುಂಗಿದೆ. ಮನೆಯಲ್ಲಿ ಒಬ್ಬಳೇ ಕೂತಾಗ ಗಂಟಲಲ್ಲಿ ಇಳಿಯಲಿಲ್ಲ. ಮೂವತ್ತೊಂದು ವರ್ಷ ವಿಷ ಎಂದು ಕಲಿತದ್ದನ್ನು ಒಂದು ಚೀಟಿ ತೋರಿಸಿ ಅನ್ನವೆಂದರೆ ಗಂಟಲು ನಂಬುತ್ತದಾ? ಆಸೆಪಟ್ಟು ಹೆಸರು ಕೊಟ್ಟವಳು ನಾನೇ, ತಟ್ಟೆಯ ಮುಂದೆ ಕೂತು ಬೆವರಿದವಳೂ ನಾನೇ. ಆಮೇಲೆ ಒಂದು ಉಪಾಯ ಹೊಳೆಯಿತು. ತಿನ್ನದಿದ್ದರೆ ರಕ್ತದ ಅಂಕಿ ಇಳಿಯುತ್ತದೆ, ಇಳಿದರೆ ಹೊಟ್ಟೆಬಾಕ ಗೆದ್ದ ಎಂದು ಬರೆದುಕೊಳ್ಳುತ್ತಾರೆ, ಅಕ್ಕನ ಮೂರು ವರ್ಷ ನೀರುಪಾಲಾಗುವುದಿಲ್ಲ ಅಂದುಕೊಂಡೆ. ಅಂಕಿ ಇನ್ನೂ ಚೆನ್ನಾಗಿ ಬರಲಿ ಎಂದು ಅನ್ನ, ಆಲೂಗಡ್ಡೆಯನ್ನೂ ಕಡಿಮೆ ಮಾಡಿದೆ. ನಿನಗೆ ಮೋಸ ಮಾಡುತ್ತಿದ್ದೇನೆ ಅನ್ನಿಸಲೇ ಇಲ್ಲ. ನಿನಗೆ ಪರೀಕ್ಷೆಯಲ್ಲಿ ನಕಲು ಹೊಡೆಯಲು ಸಹಾಯ ಮಾಡುತ್ತಿದ್ದೇನೆ ಅನ್ನಿಸುತ್ತಿತ್ತು. ಅದಕ್ಕೇ ನೀನು ಕದ್ದು ತಿಂದೆಯಾ ಎಂದಾಗ ಮೈಯೆಲ್ಲ ಉರಿಯಿತು.

ಆ ಹಳದಿ ಗಾಡಿ ಕಣ್ಣು ಮುಚ್ಚಿದರೂ ಬರುತ್ತದೆ. ದರ್ಜಿಗೆ ನಿಜ ಹೇಳಿದೆ. ಅವರು ನೋಡಲು ಬಂದಿದ್ದರು. "ನೀವು ಹುಷಾರಾದ್ಮೇಲೆ ನಿಮ್ ಹತ್ರಾನೇ ಕಲೀತೀನಿ. ಆದ್ರೆ ಮೊದ್ಲು ನಿಮ್ಗೆ ಊಟ ಮಾಡೋದ್ ಕಲಿಸ್ಬೇಕು" ಎಂದರು. ಆ ತಾಯಿಯನ್ನು ಹುಡುಕಿಕೊಂಡು ಹೋಗಬೇಕು. ಏನು ಹೇಳಬೇಕೋ ತಿಳಿಯದು.

ಇಲ್ಲಿ ಒತ್ತಾಯ ಮಾಡಿ ಉಣ್ಣಿಸುತ್ತಿದ್ದಾರೆ. ಪಾನಕ ಪೂರ್ತಿ ಲೋಟ. ಅದರ ವಾಸನೆ ಮೊದಲ ಬಾರಿಗೆ ಅಷ್ಟು ಕೆಟ್ಟದ್ದು ಅನ್ನಿಸಲಿಲ್ಲ. ಯಾರ ಹತ್ತಿರವೂ ಹೇಳಬೇಡ.

ನಿನ್ನ ಕೆಲಸ ಹೋಯಿತಾ? ಅದನ್ನು ಮಾತ್ರ ಸುತ್ತಿ ಬಳಸದೆ ಬರೆ.

ತಂಗಿ

---

ಏಪ್ರಿಲ್ ೨

ಪುಟ್ಟೀ,

ಕೆಲಸ ಹೋಗಿಲ್ಲ, ಹೊಟ್ಟೆಬಾಕ ಹೋದ. ನನ್ನನ್ನು ಆ ಯೋಜನೆಯಿಂದ ತೆಗೆದು, ಬಟ್ಟೆಗೆ ಬಣ್ಣ ತಯಾರಿಸುವ ಯಾವುದೋ ಯೀಸ್ಟಿನ ನಕ್ಷೆಗೆ ಹಾಕಿದ್ದಾರೆ. ಮೇಷ್ಟ್ರು ಎರಡು ದಿನ ನನ್ನ ಮುಖ ನೋಡಲಿಲ್ಲ. ಮೂರನೇ ದಿನ ನನ್ನ ಮೇಜಿನ ಹತ್ತಿರ ಬಂದು, ನಿನ್ನ ನಂಬರಿನ ಮುಂದೆ 'ಹೆಚ್ಚಿನ ಊಟ' ಎಂದು ಬರೆದಿದ್ದನ್ನು ತಾವೇ ಹೊಡೆದು ಹಾಕಿರುವುದಾಗಿ ಹೇಳಿದರು. "ನಾನು ಅಷ್ಟು ಜೋರಾಗಿ ಹೇಳಬಾರದಿತ್ತು" ಎಂದು ಗೊಣಗಿ ಹೋದರು. ಅವರ ಬಾಯಲ್ಲಿ ಅದು ದೊಡ್ಡ ಮಾತು.

ನೀನು ಪರೀಕ್ಷೆಯಿಂದ ಹೊರಗೆ. ಡಾಕ್ಟರಿಗೆ ಸುಳ್ಳು ಹೇಳಿದ್ದಕ್ಕೆ ಅದು ತಪ್ಪದು. ಆದರೆ ಕೊನೆಯ ದಿನ ಅವರ ಎದುರಿಗೇ ನಿನಗೆ ಪುಡಿ ಕುಡಿಸಿ ಎರಡು ಮೊಟ್ಟೆ ತಿನ್ನಿಸಿದರಂತೆ. ಅದರ ಅಂಕಿ ಬಂದಾಗ ನನ್ನ ಜಾಗದಲ್ಲಿ ಕೂತಿರುವ ಹುಡುಗಿ ನನಗೆ ತೋರಿಸಲಿಲ್ಲ, ತೋರಿಸುವಂತಿಲ್ಲ. ಬಾಗಿಲಲ್ಲಿ ನಿಂತು ನಕ್ಕಳು, ಅಷ್ಟೆ. ನನಗೆ ಸಾಕಾಯಿತು. ಎಂದಾದರೂ ಅವನು ಔಷಧಿ ಅಂಗಡಿಗೆ ಬಂದರೆ ನಾವಿಬ್ಬರೂ ಹೋಗಿ ಕೊಳ್ಳೋಣ.

ಈಗ ನನ್ನ ಪ್ರಶ್ನೆ. ಹದಿನೈದು ದಿನದಿಂದ ಇದೊಂದೇ ತಲೆ ಕೊರೆಯುತ್ತಿದೆ. ಸಮುದ್ರ ನೋಡಲು ಹೋಗಬೇಕಿದ್ದ ದಿನಕ್ಕೆ ಮುಂಚಿನ ಆ ವಾರ, ನೀನು ಏನು ತಿಂದಿದ್ದೆ?

ಅಕ್ಕ

---

ಏಪ್ರಿಲ್ ೧೧

ಅಕ್ಕಾ,

ನಿನ್ನ ಪ್ರಶ್ನೆ ಓದಿ ಕಾಗದವನ್ನು ದಿಂಬಿನ ಕೆಳಗಿಟ್ಟು ಮಲಗಿದೆ. ಬೆಳಿಗ್ಗೆ ಎದ್ದು ಮತ್ತೆ ಓದಿದೆ.

ಆ ವಾರ ನನಗೆ ಅಂಕಿ ಚೆನ್ನಾಗಿ ಬರಬೇಕಿತ್ತು. ಒಂದೇ ಒಂದು ಸಲ ಬಂದರೆ ಸಾಕಿತ್ತು. ಅದಕ್ಕೆ ನೀನು ತೂಗಿ ಬಡಿಸಿದ ಅನ್ನವನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಹೋಗಿ ಶಾಲೆಯ ಹಿಂದಿನ ಪೊದೆಗೆ ಸುರಿಯುತ್ತಿದ್ದೆ. ಪಾನಕ ಕಿಟಕಿಯಿಂದ ಹೊರಗೆ. ಹೊಟ್ಟೆ ತಾಳ ಹಾಕುತ್ತಿತ್ತು, ಆದರೆ ಖುಷಿಯಿತ್ತು. ಸಮುದ್ರ ಎಷ್ಟು ದೊಡ್ಡದಿರಬಹುದು ಎಂದು ಯೋಚಿಸುತ್ತಾ ಮಲಗುತ್ತಿದ್ದೆ.

ಅಂಕಿ ಏರಿದಾಗ ಅನ್ನ ಎಸೆದೆ ಎಂದು ಹೇಳಲು ಬಾಯಿ ಬರಲಿಲ್ಲ. ಹೇಳಿದ್ದರೂ ಯಾರು ನಂಬುತ್ತಿದ್ದರು? ತಿನ್ನದೆ ಏರುವುದುಂಟೆ? ನನಗೇ ನಂಬಿಕೆ ಹೋಯಿತು. ಅಮ್ಮ ಸುಳ್ಳು ಹೇಳುವುದಿಲ್ಲ, ರಕ್ತ ಸುಳ್ಳು ಹೇಳುವುದಿಲ್ಲ, ಹಾಗಾದರೆ ನಾನೇ ನಿದ್ದೆಯಲ್ಲಿ ಎದ್ದು ಅಡುಗೆಮನೆಗೆ ಹೋಗಿ ತಿಂದಿರಬೇಕು ಅಂದುಕೊಂಡೆ. ಎಷ್ಟೋ ವರ್ಷ ಹಾಗೇ ಅಂದುಕೊಂಡಿದ್ದೆ. ಆಮೇಲೆ ನಾನು ಜಡೆಯ ರಿಬ್ಬನ್ನಿನಿಂದ ಕಾಲನ್ನು ಮಂಚಕ್ಕೆ ಕಟ್ಟಿಕೊಂಡು ಮಲಗುತ್ತಿದ್ದೆನಲ್ಲ, ಇದೇನೇ ಎಂದು ನೀನು ಕೇಳಿದಾಗ ಆಟ ಎಂದಿದ್ದೆ. ಆಟವಲ್ಲ ಅದು. ನನಗೆ ನನ್ನ ಮೇಲೇ ಕಾವಲು.

ಈಗಲೂ ಹೊಸ ಊರಲ್ಲಿ ಮಲಗಿದರೆ ಅಡುಗೆಮನೆಯ ಬಾಗಿಲಿಗೆ ಚಿಲಕ ಹಾಕಿದೆಯಾ ಎಂದು ಎರಡು ಸಲ ನೋಡುತ್ತೇನೆ.

ಹೆದರಬೇಡ, ಬೆಳಿಗ್ಗೆಯೇ ತೂಗಿ ಊಟ ಮಾಡಿದ್ದೇನೆ. ಮುಂದಿನ ತಿಂಗಳು ರಜೆ ಹಾಕಿ ಬಾ. ಸಮುದ್ರಕ್ಕೆ ಹೋಗೋಣ, ಕಾರು ನೀನೇ ಓಡಿಸು, ನಾನು ಪಕ್ಕದಲ್ಲಿ ಕೂತು ಬೈಯುತ್ತೇನೆ. ಅಮ್ಮ ಇದ್ದಿದ್ದರೆ ನಿನ್ನ ಆ ನಕ್ಷೆಯನ್ನು ಅವಳ ಮುಂದೆ ಹಿಡಿದು ಒಂದೇ ಮಾತು ಹೇಳುತ್ತಿದ್ದೆ. ಅವಳಿಲ್ಲ, ನಿನಗೇ ಹೇಳುತ್ತೇನೆ.

ಆವತ್ತು ನಾನು ಏನೂ ತಿಂದಿರಲಿಲ್ಲ ಅಕ್ಕಾ. ನಿದ್ದೆಯಲ್ಲೂ ತಿಂದಿರಲಿಲ್ಲ.

ನಿನ್ನ
ತಂಗಿ